ಡೆಸ್ಕ್‌ಟಾಪ್ ಫೋಟೋ ತಂತ್ರಾಂಶ: ಮೆಮೊರಿ ಬಳಕೆಯನ್ನು ಅಳೆಯುವ, ಇಳಿಸುವ ಮತ್ತು ಹೊಸ ಸೌಲಭ್ಯ ಕೋರುವ ಕ್ರಮ

ಪರದೆಯ ಮೂಲೆಯಲ್ಲಿ ಚೌಕಟ್ಟು ಹಾಕಿದ ಫೋಟೋವೊಂದನ್ನು ತೋರಿಸುತ್ತ, ಕೆಲವು ನಿಮಿಷಗಳಿಗೊಮ್ಮೆ ಫೋಲ್ಡರ್‌ನಿಂದ ಮುಂದಿನ ಫೋಟೋವನ್ನು ತಂದು ಕೂರಿಸುವ ಪುಟ್ಟ ತಂತ್ರಾಂಶಗಳ ಬಗ್ಗೆ ಬಳಕೆದಾರರು ಆಡುವ ಮಾತು ಮುಖ್ಯವಾಗಿ ಎರಡು ಬಗೆಯದು. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟೊಂದು ಮೆಮೊರಿ ಏಕೆ ಬೇಕು ಎಂಬ ದೂರು ಒಂದು; ಇದರ ಜೊತೆಗೆ ಇಂಥದ್ದೊಂದು ಸೌಲಭ್ಯವೂ ಇದ್ದರೆ ಚೆನ್ನಾಗಿತ್ತು ಎಂಬ ಕೋರಿಕೆ ಇನ್ನೊಂದು. ಇವೆರಡನ್ನೂ ಬೇರೆ ಬೇರೆ ವಿಷಯಗಳೆಂದು ನೋಡುವುದು ವಾಡಿಕೆ. ಆದರೆ ಫೋಟೋ ತೋರಿಸುವ ತಂತ್ರಾಂಶದ ಮಟ್ಟಿಗೆ ಅವು ಒಂದೇ ಖಾತೆಯ ಎರಡು ಬದಿಗಳು. ನೀವು ಕೇಳುವ ಸೌಲಭ್ಯಗಳಲ್ಲಿ ಹೆಚ್ಚಿನವು ಇನ್ನಷ್ಟು ಪಿಕ್ಸೆಲ್‌ಗಳನ್ನು ಇನ್ನಷ್ಟು ಹೊತ್ತು ಮೆಮೊರಿಯಲ್ಲಿ ಹಿಡಿದಿಡಬೇಕೆಂಬ ಕೋರಿಕೆಗಳೇ ಆಗಿರುತ್ತವೆ.

ಇಂಥ ತಂತ್ರಾಂಶ ಕಂಪ್ಯೂಟರ್ ಆನ್ ಆದಾಗಿನಿಂದ ಆಫ್ ಆಗುವವರೆಗೂ ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ. ಅದಕ್ಕಾಗಿಯೇ ಯಾರೂ ಕಂಪ್ಯೂಟರ್ ಕೊಂಡಿರುವುದಿಲ್ಲ. ನಿಜವಾದ ಕೆಲಸದ ಪಕ್ಕದಲ್ಲಿ ಅದು ಸದ್ದಿಲ್ಲದೆ ಇರಬೇಕು. ಆದ್ದರಿಂದ ಅದರ ಮೆಮೊರಿ ಬಳಕೆಯನ್ನು ಪ್ರಶ್ನಿಸುವುದು ಖಂಡಿತ ನ್ಯಾಯವಾದದ್ದು. ಆದರೆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅದು ಅಂಕಿಗಳೊಂದಿಗೆ ಹೋಗಬೇಕು. ಮುಂದಿನ ಹಂತಗಳನ್ನು ಅನುಸರಿಸಲು ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ; ಗುಣಾಕಾರ ಮತ್ತು ಸ್ವಲ್ಪ ತಾಳ್ಮೆ ಸಾಕು.

ಹಂತ 1: ಮೊದಲು ಪಿಕ್ಸೆಲ್ ಲೆಕ್ಕ ಹಾಕಿ

ಬಹುಪಾಲು ಗೊಂದಲ ಹುಟ್ಟುವುದು ಇಲ್ಲಿಯೇ ಆಗಿರುವುದರಿಂದ ಈ ಹಂತವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಡಿಸ್ಕಿನಲ್ಲಿರುವ ಜೆಪೆಗ್ ಫೋಟೋ 4 ಎಂಬಿ ಇದ್ದರೆ ಮೆಮೊರಿಯಲ್ಲಿಯೂ ಅದು 4 ಎಂಬಿ ಜಾಗವನ್ನೇ ಹಿಡಿಯುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಹಾಗಾಗುವುದಿಲ್ಲ. ಜೆಪೆಗ್ ಎನ್ನುವುದು ಅಡಕಗೊಳಿಸಿದ ರೂಪ. ಪರದೆಯ ಮೇಲೆ ತೋರಿಸಬೇಕಾದರೆ ಅದನ್ನು ಬಿಚ್ಚಿ, ಪ್ರತಿಯೊಂದು ಪಿಕ್ಸೆಲ್‌ಗೂ ಅದರ ಬಣ್ಣವನ್ನು ಬರೆದಿಡಬೇಕು. ಕೆಂಪು, ಹಸಿರು, ನೀಲಿ ಮತ್ತು ಪಾರದರ್ಶಕತೆಗೆ ಒಂದೊಂದು ಬೈಟ್‌ನಂತೆ ಒಂದು ಪಿಕ್ಸೆಲ್‌ಗೆ ಸಾಮಾನ್ಯವಾಗಿ 4 ಬೈಟ್ ಬೇಕಾಗುತ್ತದೆ. ಡಿಸ್ಕಿನಲ್ಲಿ ಕಡತ ಎಷ್ಟು ದೊಡ್ಡದಿತ್ತು ಎಂಬುದಕ್ಕೂ ಬಿಚ್ಚಿದ ಮೇಲಿನ ಗಾತ್ರಕ್ಕೂ ಸಂಬಂಧವೇ ಇಲ್ಲ. ಅಗಲ, ಎತ್ತರ ಮತ್ತು 4ರ ಗುಣಲಬ್ಧವೊಂದೇ ಅದನ್ನು ನಿರ್ಧರಿಸುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಹಾಕೋಣ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 4000 × 3000 ಪಿಕ್ಸೆಲ್ ಅಳತೆಯದು. ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳು. 4ರಿಂದ ಗುಣಿಸಿದರೆ 4 ಕೋಟಿ 80 ಲಕ್ಷ ಬೈಟ್‌ಗಳು, ಅಂದರೆ ಒಂದು ಎಂಬಿಗೆ 1024 × 1024 ಬೈಟ್‌ನಂತೆ ಸುಮಾರು 46 ಎಂಬಿ. 6000 × 4000 ಅಳತೆಯ 24 ಮೆಗಾಪಿಕ್ಸೆಲ್ ಫೋಟೋಗೆ ಸುಮಾರು 92 ಎಂಬಿ ಬೇಕು. 12000 × 9000 ಅಳತೆಯ 108 ಮೆಗಾಪಿಕ್ಸೆಲ್ ಫೋಟೋವನ್ನು ಇಡಿಯಾಗಿ ಬಿಚ್ಚಿದರೆ ಅದೊಂದೇ ಸುಮಾರು 412 ಎಂಬಿ ಆಗುತ್ತದೆ.

ಈಗ ಅದೇ ಫೋಟೋ ಪರದೆಯ ಮೇಲೆ ಎಷ್ಟು ಜಾಗದಲ್ಲಿ ಕಾಣಿಸುತ್ತಿದೆ ಎಂದು ನೋಡಿ. ಚೌಕಟ್ಟು 400 × 300 ಪಿಕ್ಸೆಲ್‌ಗಳದ್ದಾದರೆ ಅಲ್ಲಿಗೆ ಬೇಕಾದದ್ದು 4 ಲಕ್ಷ 80 ಸಾವಿರ ಬೈಟ್ ಮಾತ್ರ, ಅಂದರೆ ಅರ್ಧ ಎಂಬಿಗೂ ಕಡಿಮೆ. 12 ಮೆಗಾಪಿಕ್ಸೆಲ್ ಮೂಲಕ್ಕೆ ಹೋಲಿಸಿದರೆ ಇದು ಸರಿಯಾಗಿ ನೂರರಲ್ಲಿ ಒಂದು ಪಾಲು. ಪರದೆಯ ಸ್ಕೇಲಿಂಗ್ ಅನ್ನು 200 ಶೇಕಡಕ್ಕೆ ಇಟ್ಟುಕೊಂಡಿದ್ದರೆ ಅದೇ ಚೌಕಟ್ಟು 800 × 600 ಆಗಿ ಅಗತ್ಯ ನಾಲ್ಕು ಪಟ್ಟಾಗುತ್ತದೆ. ಆಗಲೂ ಅದು 2 ಎಂಬಿಯೊಳಗೇ ಇರುತ್ತದೆ.

ಆದ್ದರಿಂದ ಒಂದು ಕಾಗದದ ಮೇಲೆ ಎರಡು ಅಂಕಿಗಳನ್ನು ಬರೆದುಕೊಳ್ಳಿ. ನಿಮ್ಮ ಫೋಲ್ಡರ್‌ನಲ್ಲಿರುವ ಅತಿ ದೊಡ್ಡ ಫೋಟೋವನ್ನು ಇಡಿಯಾಗಿ ಬಿಚ್ಚಿದರೆ ಬೇಕಾಗುವ ಜಾಗ ಮೊದಲನೆಯದು. ಚೌಕಟ್ಟಿನ ಅಳತೆಗೆ ಬೇಕಾಗುವ ಜಾಗ ಎರಡನೆಯದು. ತಂತ್ರಾಂಶವು ಈ ಎರಡು ಅಂಕಿಗಳ ನಡುವೆ ಎಲ್ಲಿ ನಿಂತಿದೆ ಎಂಬುದನ್ನು ತಿಳಿಯುವುದೇ ಮುಂದಿನ ಎಲ್ಲ ಅಳತೆಯ ಉದ್ದೇಶ.

ಹಂತ 2: ಯಾವ ಅಂಕಿಯನ್ನು ಓದಬೇಕೆಂದು ತಿಳಿಯಿರಿ

ಮೆಮೊರಿ ಬಳಕೆ ಎಂಬುದಕ್ಕೆ ಒಂದೇ ಅಂಕಿ ಇಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಮೊದಲ ಪುಟದಲ್ಲಿ ತೋರಿಸುವುದು ಪ್ರಕ್ರಿಯೆಯೊಂದಕ್ಕೆ (ಅಂದರೆ ಓಡುತ್ತಿರುವ ತಂತ್ರಾಂಶಕ್ಕೆ) ಮಾತ್ರ ಸೇರಿದ, ಈ ಕ್ಷಣದಲ್ಲಿ ರ‍್ಯಾಮ್‌ನಲ್ಲಿರುವ ಭಾಗವನ್ನು. ಡೀಟೇಲ್ಸ್ ಪುಟಕ್ಕೆ ಹೋಗಿ, ಕಾಲಂಗಳ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ, ಇನ್ನು ಮೂರು ಕಾಲಂಗಳನ್ನು ಸೇರಿಸಿಕೊಳ್ಳಿ: ಕಮಿಟ್ ಸೈಜ್, ಪೀಕ್ ವರ್ಕಿಂಗ್ ಸೆಟ್ ಮತ್ತು ಜಿಡಿಐ ಆಬ್ಜೆಕ್ಟ್ಸ್. ತಂತ್ರಾಂಶ ಕೇಳಿ ಪಡೆದುಕೊಂಡಿರುವ ಒಟ್ಟು ಮೆಮೊರಿಯನ್ನು ಕಮಿಟ್ ಸೈಜ್ ಹೇಳುತ್ತದೆ. ಅದರಲ್ಲಿ ಸ್ವಲ್ಪ ಭಾಗ, ರ‍್ಯಾಮ್‌ಗೆ ಪೂರಕವಾಗಿ ಡಿಸ್ಕಿನಲ್ಲಿರುವ ಪೇಜ್ ಫೈಲ್‌ಗೆ ಹೋಗಿದ್ದರೂ ಅಂಕಿ ಕುಗ್ಗುವುದಿಲ್ಲ. ಸೋರಿಕೆಯನ್ನು, ಅಂದರೆ ಬಳಸಿ ಮುಗಿದ ಮೆಮೊರಿಯನ್ನು ತಂತ್ರಾಂಶ ಹಿಂದಿರುಗಿಸದಿರುವುದನ್ನು, ಹುಡುಕುವಾಗ ನಂಬಬೇಕಾದದ್ದು ಇದನ್ನೇ. ಪೀಕ್ ವರ್ಕಿಂಗ್ ಸೆಟ್ ಎಂಬುದು ಪ್ರಾರಂಭವಾದಾಗಿನಿಂದ ಇದುವರೆಗೆ ರ‍್ಯಾಮ್ ಬಳಕೆ ಮುಟ್ಟಿದ ಅತಿ ಎತ್ತರದ ಮಟ್ಟ. ಜಿಡಿಐ ಆಬ್ಜೆಕ್ಟ್ಸ್ ಎಂದರೆ ಚಿತ್ರ, ಕುಂಚ, ಅಕ್ಷರಶೈಲಿಗಳಂಥ ಪರದೆಯ ಮೇಲೆ ಬಿಡಿಸಲು ಬೇಕಾದ ಸಾಮಗ್ರಿಗಳ ಎಣಿಕೆ. ಒಂದು ಪ್ರಕ್ರಿಯೆಗೆ ಇವುಗಳ ರೂಢಿಯ ಮಿತಿ 10,000. ಫೋಟೋ ಬದಲಾದಾಗಲೆಲ್ಲ ಈ ಎಣಿಕೆ ಏರುತ್ತಲೇ ಇದ್ದರೆ, ಮೆಮೊರಿ ಸಾಕಷ್ಟಿದ್ದರೂ ಒಂದು ದಿನ ಚೌಕಟ್ಟು ಖಾಲಿಯಾಗಿಯೋ ಕಪ್ಪಾಗಿಯೋ ಕಾಣಿಸತೊಡಗುತ್ತದೆ.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ರ‍್ಯಾಮ್‌ನಲ್ಲಿರುವ ಎಲ್ಲ ಭಾಗವನ್ನೂ ಹೇಳುವ ಆರ್‌ಎಸ್‌ಎಸ್ ಎಂಬ ಅಂಕಿ. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಲೈಬ್ರರಿಗಳನ್ನೂ (ಸಿದ್ಧ ಕೋಡ್‌ನ ಕಟ್ಟುಗಳನ್ನೂ) ಅದು ಪೂರ್ತಿಯಾಗಿ ಎಣಿಸುವುದರಿಂದ ಪುಟ್ಟ ತಂತ್ರಾಂಶಗಳಿಗೆ ಅನ್ಯಾಯ ಮಾಡುತ್ತದೆ. ಹಂಚಿಕೊಂಡ ಭಾಗವನ್ನು ಪಾಲುದಾರರ ಸಂಖ್ಯೆಯಿಂದ ಭಾಗಿಸಿ ಲೆಕ್ಕ ಹಿಡಿಯುವ ಪಿಎಸ್‌ಎಸ್ ಹೆಚ್ಚು ನ್ಯಾಯವಾದದ್ದು. ಸ್ಮೆಮ್ ಎಂಬ ಉಪಕರಣ ಅದನ್ನು ನೇರವಾಗಿ ತೋರಿಸುತ್ತದೆ. ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್‌ನ ಮೆಮೊರಿ ಪುಟವನ್ನು ನೋಡಿ. 2013ರ ಮ್ಯಾವರಿಕ್ಸ್ ಆವೃತ್ತಿಯಿಂದೀಚೆಗೆ ಅಲ್ಲಿ ಬಳಕೆಯಲ್ಲಿಲ್ಲದ ಮೆಮೊರಿಯನ್ನು ಅಡಕಗೊಳಿಸಿ ಇಡುವ ಪದ್ಧತಿ ಇರುವುದರಿಂದ, ರ‍್ಯಾಮ್‌ನಲ್ಲಿ ಹಿಡಿದ ನಿಜವಾದ ಜಾಗವನ್ನು ತೋರಿಸುವ ರಿಯಲ್ ಮೆಮೊರಿ ಕಾಲಂ ಅನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಗಮನಿಸಬೇಕು. ಬ್ರೌಸರ್‌ನ ಎಂಜಿನ್ ಮೇಲೆ ಕಟ್ಟಿದ ತಂತ್ರಾಂಶಗಳು, ಉದಾಹರಣೆಗೆ ಎಲೆಕ್ಟ್ರಾನ್ ಬಳಸುವವು, ಏಕಕಾಲದಲ್ಲಿ ಹಲವು ಪ್ರಕ್ರಿಯೆಗಳಾಗಿ ಓಡುತ್ತವೆ. ಪಟ್ಟಿಯಲ್ಲಿ ಅದೇ ಹೆಸರಿನ ಎಲ್ಲ ಸಾಲುಗಳನ್ನೂ ಕೂಡಿಸದೆ ಒಂದನ್ನೇ ಬರೆದುಕೊಂಡರೆ ಅಳತೆಯೇ ತಪ್ಪಾಗುತ್ತದೆ.

ಹಂತ 3: ಕ್ರಮಬದ್ಧವಾಗಿ ಅಳೆಯಿರಿ

ಬೆಳಿಗ್ಗೆಯಿಂದ ಓಡುತ್ತಿರುವ ತಂತ್ರಾಂಶದ ಅಂಕಿಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಮೊದಲು ಅದನ್ನು ಪೂರ್ತಿ ಮುಚ್ಚಿ, ಖಾಲಿ ಫೋಲ್ಡರ್ ಒಂದನ್ನು ತೋರಿಸಿ ಮತ್ತೆ ತೆರೆಯಿರಿ. ಒಂದು ನಿಮಿಷ ಬಿಟ್ಟು ಕಾಣುವ ಅಂಕಿ ತಂತ್ರಾಂಶದ ಮೂಲ ಬಳಕೆ. ಅದು ಬರೆಯಲ್ಪಟ್ಟ ಭಾಷೆ, ಬಳಸುವ ಲೈಬ್ರರಿಗಳು ಇತ್ಯಾದಿಗಳ ತೂಕವೆಲ್ಲ ಅಲ್ಲಿ ಬರುತ್ತದೆ. ಆ ತೂಕವನ್ನು ಇಳಿಸುವುದು ಬಳಕೆದಾರನ ಕೈಯಲ್ಲಿಲ್ಲ. ಬರೆದವರಿಗೂ ಇಡೀ ತಂತ್ರಾಂಶವನ್ನು ಹೊಸದಾಗಿ ಬರೆಯದೆ ಅದು ಸಾಧ್ಯವಾಗದೆ ಇರಬಹುದು. ಆದ್ದರಿಂದ ದೂರು ಬರೆಯುವಾಗ ಒಟ್ಟು ಅಂಕಿಯಿಂದ ಇದನ್ನು ಕಳೆದು, ಉಳಿದದ್ದರ ಬಗ್ಗೆ ಮಾತಾಡುವುದು ಹೆಚ್ಚು ಫಲಕಾರಿ.

ಎರಡನೆಯದಾಗಿ, 400 × 300 ಅಳತೆಯ ಒಂದೇ ಫೋಟೋ ಇರುವ ಫೋಲ್ಡರ್ ಕೊಟ್ಟು ಅಂಕಿಯನ್ನು ಬರೆದುಕೊಳ್ಳಿ. ಮೂರನೆಯದಾಗಿ, 4000 × 3000 ಅಳತೆಯ ಒಂದೇ ಫೋಟೋ ಕೊಡಿ. ಪ್ರತಿ ಬಾರಿಯೂ ತಂತ್ರಾಂಶವನ್ನು ಮುಚ್ಚಿ ತೆರೆಯಿರಿ. ಎರಡನೆಯ ಮತ್ತು ಮೂರನೆಯ ಅಳತೆಗಳ ನಡುವಿನ ವ್ಯತ್ಯಾಸ ಬಹಳಷ್ಟು ಹೇಳುತ್ತದೆ. ಅದು 45 ಎಂಬಿಯ ಆಸುಪಾಸಿನಲ್ಲಿದ್ದರೆ ತಂತ್ರಾಂಶವು ಫೋಟೋವನ್ನು ಇಡಿಯಾಗಿ ಬಿಚ್ಚಿ ಹಾಗೆಯೇ ಹಿಡಿದುಕೊಂಡಿದೆ ಎಂದರ್ಥ. 90 ಎಂಬಿಯ ಆಸುಪಾಸಿನಲ್ಲಿದ್ದರೆ ಎರಡು ಪ್ರತಿಗಳಿವೆ; ಬಹುಶಃ ತಿರುಗಿಸಿದ ಅಥವಾ ಬಣ್ಣ ಹೊಂದಿಸಿದ ಪ್ರತಿಯೊಂದು ಮೂಲದ ಜೊತೆಗೇ ಉಳಿದುಕೊಂಡಿದೆ. ವ್ಯತ್ಯಾಸ ಒಂದೆರಡು ಎಂಬಿ ಮಾತ್ರವಾಗಿದ್ದು, ಅತಿ ಎತ್ತರದ ಮಟ್ಟ ಮಾತ್ರ ಬಹಳ ಹೆಚ್ಚಾಗಿದ್ದರೆ, ಇಡಿಯಾಗಿ ಬಿಚ್ಚಿ, ಕುಗ್ಗಿಸಿ, ದೊಡ್ಡದನ್ನು ಬಿಟ್ಟುಕೊಟ್ಟಿದೆ. ಎರಡೂ ಕಡಿಮೆ ಇದ್ದರೆ ಬರೆದವರು ಬಹಳ ಎಚ್ಚರದಿಂದ ಕೆಲಸ ಮಾಡಿದ್ದಾರೆ. ಅವರಿಗೊಂದು ಮೆಚ್ಚುಗೆಯ ಸಾಲು ಬರೆಯುವುದು ಯೋಗ್ಯ.

ನಾಲ್ಕನೆಯದು ಸ್ಲೈಡ್ ಶೋ ಪರೀಕ್ಷೆ. ಒಂದೇ ಅಳತೆಯ ಸುಮಾರು 20 ಫೋಟೋಗಳನ್ನು ಒಂದು ಫೋಲ್ಡರ್‌ನಲ್ಲಿಟ್ಟು, ಬದಲಾವಣೆಯ ಅಂತರವನ್ನು ಸಾಧ್ಯವಾದಷ್ಟು ಕಡಿಮೆ ಮಾಡಿ ಓಡಲು ಬಿಡಿ. ಎಲ್ಲ ಫೋಟೋಗಳೂ ಒಂದು ಸುತ್ತು ಮುಗಿದಾಗ ಕಮಿಟ್ ಸೈಜ್ ಬರೆದುಕೊಳ್ಳಿ. ಎರಡು, ಐದು, ಹತ್ತನೆಯ ಸುತ್ತುಗಳ ಕೊನೆಯಲ್ಲಿಯೂ ಬರೆದುಕೊಳ್ಳಿ. ಮೊದಲ ಸುತ್ತಿನಲ್ಲಿ ಏರಿ ಆಮೇಲೆ ಸಮತಟ್ಟಾದರೆ ಅದು ಸೋರಿಕೆಯಲ್ಲ, ಕ್ಯಾಶೆ: ಮತ್ತೆ ಬೇಕಾದೀತೆಂದು ತೆಗೆದಿರಿಸಿದ ಪ್ರತಿಗಳು. ಏರುತ್ತ ಹೋಗಿ ಒಮ್ಮೆಲೇ ಕುಸಿದು ಮತ್ತೆ ಏರುವ ಗರಗಸದ ಹಲ್ಲಿನಂಥ ರೇಖೆ ಕಂಡರೆ, ಡಾಟ್‌ನೆಟ್ ಅಥವಾ ಜಾವಾದಂಥ ವೇದಿಕೆಯಲ್ಲಿ ಬಳಕೆ ಮುಗಿದ ವಸ್ತುಗಳನ್ನು ಆಗೊಮ್ಮೆ ಈಗೊಮ್ಮೆ ಗುಡಿಸುವ ಗಾರ್ಬೇಜ್ ಕಲೆಕ್ಟರ್‌ನ ಕೆಲಸ ಅದು. ಸುತ್ತಿನಿಂದ ಸುತ್ತಿಗೆ ಎಲ್ಲಿಯೂ ನಿಲ್ಲದೆ ನೇರವಾಗಿ ಏರುತ್ತಲೇ ಇದ್ದರೆ ಮಾತ್ರ ಅದನ್ನು ಸೋರಿಕೆ ಎನ್ನಿ.

ಈ ಮೂರರ ವ್ಯತ್ಯಾಸವನ್ನು ತಿಳಿಸದೆ ಮೆಮೊರಿ ಸೋರುತ್ತಿದೆ ಎಂದು ಬರೆದರೆ, ತಂತ್ರಾಂಶ ಬರೆದವರು ಇಲ್ಲದ ದೋಷವನ್ನು ಹುಡುಕುತ್ತ ದಿನಗಟ್ಟಲೆ ಕಳೆಯಬೇಕಾಗುತ್ತದೆ.

ಹಂತ 4: ಲಕ್ಷಣದಿಂದ ಕಾರಣಕ್ಕೆ ಹೋಗಿ

ಒಳಗಿನ ಕೋಡ್ ಕಾಣದಿದ್ದರೂ ಹೊರಗಿನಿಂದಲೇ ಕೆಲವು ಕಾರಣಗಳನ್ನು ಗುರುತಿಸಬಹುದು. ವಿಂಡೋಸ್‌ನಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಈಗ ತೋರಿಸುತ್ತಿರುವ ಫೋಟೋದ ಕಡತದ ಹೆಸರನ್ನು ಗಮನಿಸಿ, ಮುಂದಿನ ಫೋಟೋ ಬಂದ ಮೇಲೆ ಹಿಂದಿನ ಕಡತದ ಹೆಸರನ್ನು ಬದಲಿಸಲು ಪ್ರಯತ್ನಿಸಿ. ಕಡತವು ಇನ್ನೊಂದು ಪ್ರೋಗ್ರಾಂನಲ್ಲಿ ತೆರೆದಿದೆ ಎಂಬ ಸಂದೇಶ ಬಂದರೆ, ತಂತ್ರಾಂಶ ಹಿಂದಿನ ಚಿತ್ರವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಡಾಟ್‌ನೆಟ್‌ನಲ್ಲಿ ಕಡತದಿಂದ ನೇರವಾಗಿ ತೆರೆದ ಬಿಟ್‌ಮ್ಯಾಪ್, ಅಂದರೆ ಬಿಚ್ಚಿದ ಚಿತ್ರ, ಅದನ್ನು ಡಿಸ್ಪೋಸ್ ಮಾಡುವವರೆಗೂ (ಬಿಟ್ಟುಕೊಡುವವರೆಗೂ) ಕಡತವನ್ನು ಬೀಗ ಹಾಕಿಯೇ ಇಡುತ್ತದೆ. ಚಿತ್ರದ ಪಿಕ್ಸೆಲ್‌ಗಳು ಕಲೆಕ್ಟರ್‌ನ ಲೆಕ್ಕಕ್ಕೆ ಸಿಗದ ಜಾಗದಲ್ಲಿ ಇರುವುದರಿಂದ, ಗುಡಿಸುವ ತುರ್ತು ಅದಕ್ಕೆ ತಿಳಿಯುವುದೇ ಇಲ್ಲ. ಹೆಸರು ಬದಲಿಸಲಾಗಲಿಲ್ಲ ಎಂಬ ಒಂದೇ ವಾಕ್ಯ ವರದಿಯಲ್ಲಿದ್ದರೂ, ಬರೆದವರಿಗೆ ಯಾವ ಸಾಲನ್ನು ನೋಡಬೇಕೆಂದು ಹೊಳೆದುಬಿಡುತ್ತದೆ.

ದೊಡ್ಡ ಫೋಟೋ ಬಂದಾಗ ಮಾತ್ರ ತಂತ್ರಾಂಶ ಮುಚ್ಚಿಹೋಗುತ್ತಿದ್ದು, ರ‍್ಯಾಮ್ ಇನ್ನೂ ಸಾಕಷ್ಟು ಖಾಲಿ ಇದ್ದರೆ, ಅದು 32 ಬಿಟ್ ಆವೃತ್ತಿಯೇ ಎಂದು ನೋಡಿ. ಅಂಥ ಪ್ರಕ್ರಿಯೆಗೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ವಿಳಾಸ ಜಾಗ, ಅಂದರೆ ಅದು ತಲುಪಬಲ್ಲ ಮೆಮೊರಿ, 2 ಜಿಬಿ ಮಾತ್ರ. ಅದರಲ್ಲಿ 412 ಎಂಬಿಯಷ್ಟು ಜಾಗ ಒಂದೇ ತುಂಡಾಗಿ ಸಿಗದೆ ಹೋಗುವುದು ಅಚ್ಚರಿಯಲ್ಲ.

ಕೆಲವು ಫೋಟೋಗಳಿಗೆ ಮಾತ್ರ ಅತಿ ಎತ್ತರದ ಮಟ್ಟ ಹೆಚ್ಚಾಗುತ್ತಿದ್ದರೆ ಅವು ಪ್ರೋಗ್ರೆಸಿವ್ ಜೆಪೆಗ್‌ಗಳಾಗಿರಬಹುದು. ಸಾಮಾನ್ಯ ಜೆಪೆಗ್ ಅನ್ನು ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಬಿಚ್ಚಬಹುದು. ಪ್ರೋಗ್ರೆಸಿವ್ ಜೆಪೆಗ್‌ನಲ್ಲಿ ಇಡೀ ಚಿತ್ರದ ಮಾಹಿತಿ ಹಲವು ಪದರಗಳಲ್ಲಿ ಬರುವುದರಿಂದ, ಎಲ್ಲ ಪದರಗಳೂ ಸೇರುವವರೆಗೆ ನಡುವಿನ ಲೆಕ್ಕವನ್ನು ಇಡಿಯಾಗಿ ಹಿಡಿದಿಡಬೇಕು. 12 ಮೆಗಾಪಿಕ್ಸೆಲ್ ಚಿತ್ರಕ್ಕೆ, ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸಿ ಉಳಿಸಿದ್ದರೆ, ಈ ನಡುವಿನ ಲೆಕ್ಕವೇ ಸುಮಾರು 34 ಎಂಬಿ ಆಗುತ್ತದೆ.

ಹಂತ 5: ನಿಮ್ಮ ಕೈಯಲ್ಲಿರುವ ಪರಿಹಾರಗಳನ್ನು ಮೊದಲು ಮಾಡಿ

ಅತ್ಯಂತ ಪರಿಣಾಮಕಾರಿಯಾದ ಪರಿಹಾರಕ್ಕೆ ತಂತ್ರಾಂಶವನ್ನು ಮುಟ್ಟಬೇಕಾಗಿಯೇ ಇಲ್ಲ. ಮೂಲ ಫೋಟೋಗಳನ್ನು ಅವು ಇರುವಲ್ಲಿಯೇ ಬಿಟ್ಟು, ಪ್ರದರ್ಶನಕ್ಕೆಂದೇ ಇನ್ನೊಂದು ಫೋಲ್ಡರ್ ಮಾಡಿ, ಕುಗ್ಗಿಸಿದ ಪ್ರತಿಗಳನ್ನು ಅದರಲ್ಲಿ ಹಾಕಿ. ಇಮೇಜ್‌ಮ್ಯಾಜಿಕ್, ಎಕ್ಸ್‌ಎನ್‌ಕನ್ವರ್ಟ್, ಇರ್ಫಾನ್‌ವ್ಯೂಗಳಂಥ ಉಪಕರಣಗಳಲ್ಲಿ ಇಡೀ ಫೋಲ್ಡರ್ ಅನ್ನು ಒಟ್ಟಿಗೆ ಕುಗ್ಗಿಸುವ ಸೌಲಭ್ಯವಿದೆ. ಚೌಕಟ್ಟಿನ ಅಳತೆಯ ಎರಡು ಪಟ್ಟನ್ನು ಉದ್ದನೆಯ ಬದಿಗೆ ಮಿತಿಯಾಗಿ ಕೊಡಿ. ನಾಳೆ ಚೌಕಟ್ಟನ್ನು ಸ್ವಲ್ಪ ಹಿಗ್ಗಿಸಿದರೂ ಚಿತ್ರ ಮಸುಕಾಗುವುದಿಲ್ಲ. ಉಳಿಸುವಾಗ ಪ್ರೋಗ್ರೆಸಿವ್ ಆಯ್ಕೆಯನ್ನು ತೆಗೆದುಬಿಡಿ. ಮೂಲ ಕಡತಗಳ ಮೇಲೆಯೇ ಬರೆಯುವ ಆಯ್ಕೆಯನ್ನು ಯಾವ ಕಾರಣಕ್ಕೂ ಆರಿಸಬೇಡಿ. ಒಮ್ಮೆ ಕುಗ್ಗಿದ ಫೋಟೋವನ್ನು ಮತ್ತೆ ಹಿಗ್ಗಿಸಲು ಬರುವುದಿಲ್ಲ.

ಮುಂದೆ, ಸೆಟ್ಟಿಂಗ್ಸ್‌ನಲ್ಲಿ ಅಗತ್ಯವಿಲ್ಲದ್ದನ್ನು ನಿಲ್ಲಿಸಿ. ಒಂದು ಫೋಟೋ ಕರಗಿ ಇನ್ನೊಂದು ಮೂಡುವ ಪರಿಣಾಮಕ್ಕೆ ಎರಡು ಚಿತ್ರಗಳು ಒಟ್ಟಿಗೆ ಬೇಕು. ಮುಂದಿನದನ್ನು ಮೊದಲೇ ಓದಿಟ್ಟುಕೊಳ್ಳುವ ಆಯ್ಕೆ ಇದ್ದರೆ ಮೂರನೆಯದು ಸೇರುತ್ತದೆ. ಹಲವು ಚೌಕಟ್ಟುಗಳಿದ್ದರೆ ಇದೆಲ್ಲವೂ ಚೌಕಟ್ಟುಗಳ ಸಂಖ್ಯೆಯಿಂದ ಗುಣಿತವಾಗುತ್ತದೆ.

ಮೆಮೊರಿಯನ್ನು ಖಾಲಿ ಮಾಡಿಕೊಡುತ್ತೇವೆ ಎನ್ನುವ ಉಪಕರಣಗಳನ್ನು ಬಳಸಬೇಡಿ. ಅವು ಸಾಮಾನ್ಯವಾಗಿ ಮಾಡುವುದು ಪ್ರಕ್ರಿಯೆಯ ಮೆಮೊರಿ ಪುಟಗಳನ್ನು (ಚಿಕ್ಕ ತುಂಡುಗಳನ್ನು) ರ‍್ಯಾಮ್‌ನಲ್ಲಿರುವ ಭಾಗವಾದ ವರ್ಕಿಂಗ್ ಸೆಟ್‌ನಿಂದ ಹೊರಕ್ಕೆ ತಳ್ಳುವುದನ್ನು ಮಾತ್ರ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅಂಕಿ ಥಟ್ಟನೆ ಕುಸಿಯುತ್ತದೆ, ಆದರೆ ಕಮಿಟ್ ಸೈಜ್ ಇದ್ದಲ್ಲಿಯೇ ಇರುತ್ತದೆ; ಮುಂದಿನ ಫೋಟೋ ಬರುವ ಹೊತ್ತಿಗೆ ಆ ಪುಟಗಳನ್ನೆಲ್ಲ ಮತ್ತೆ ತರಬೇಕಾಗಿ ಕಂಪ್ಯೂಟರ್ ಇನ್ನಷ್ಟು ನಿಧಾನವಾಗುತ್ತದೆ. ಕೆಲವು ತಂತ್ರಾಂಶಗಳೇ ತಮ್ಮ ಅಂಕಿ ಚಿಕ್ಕದಾಗಿ ಕಾಣಲೆಂದು ಇದನ್ನು ತಾವಾಗಿ ಮಾಡಿಕೊಳ್ಳುವುದುಂಟು. ಅದನ್ನು ಸೌಲಭ್ಯವೆಂದು ಕೇಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 6: ಕೇಳುವ ಮೊದಲು ಸೌಲಭ್ಯದ ಖರ್ಚನ್ನು ಲೆಕ್ಕ ಹಾಕಿ

ಈಗ ಕೋರಿಕೆಯ ಕಡೆಗೆ ಬರೋಣ. ಮೊದಲ ಹಂತದಲ್ಲಿ ಬರೆದುಕೊಂಡ ಎರಡು ಅಂಕಿಗಳು ಇಲ್ಲಿ ಮತ್ತೆ ಬೇಕಾಗುತ್ತವೆ.

ಯಾವ ತಂತ್ರಾಂಶಕ್ಕಾದರೂ ಮೊಟ್ಟಮೊದಲು ಕೇಳತಕ್ಕದ್ದು, ಕುಗ್ಗಿಸಿಕೊಂಡೇ ಓದುವ ಸೌಲಭ್ಯ. ಲಿಬ್‌ಜೆಪೆಗ್ ಮತ್ತು ಅದರಿಂದ ಬೆಳೆದ ಲೈಬ್ರರಿಗಳಿಗೆ ಜೆಪೆಗ್ ಅನ್ನು ಬಿಚ್ಚುವಾಗಲೇ ಅರ್ಧಕ್ಕೆ, ಕಾಲು ಭಾಗಕ್ಕೆ, ಎಂಟನೆಯ ಒಂದು ಭಾಗಕ್ಕೆ ಇಳಿಸುವ ಶಕ್ತಿಯಿದೆ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಬರೆದಿರುವುದರಿಂದ ಇದು ಸಾಧ್ಯ: ಪ್ರತಿ ಚೌಕದ ಸರಾಸರಿ ಬಣ್ಣವನ್ನಷ್ಟೇ ತೆಗೆದುಕೊಂಡರೆ ಎಂಟನೆಯ ಒಂದು ಅಳತೆಯ ಚಿತ್ರ ಸಿದ್ಧವಾಗುತ್ತದೆ. 4000 × 3000 ಫೋಟೋವನ್ನು ಹೀಗೆ ಓದಿದರೆ 500 × 375 ಆಗಿ ಬರುತ್ತದೆ. 46 ಎಂಬಿಯ ಬದಲು ಮುಕ್ಕಾಲು ಎಂಬಿ. ಅದನ್ನು ಒಳ್ಳೆಯ ಫಿಲ್ಟರ್ ಬಳಸಿ 400 × 300ಕ್ಕೆ ಇಳಿಸಿದರೆ ಕಣ್ಣಿಗೆ ಕೊರತೆ ಕಾಣುವುದಿಲ್ಲ, ಓದುವ ವೇಗವೂ ಹೆಚ್ಚುತ್ತದೆ. ತಂತ್ರಾಂಶ ಕಟ್ಟಲು ಬಳಸುವ ಸಾಧನಗಳಲ್ಲಿ ಒಂದಾದ ಕ್ಯೂಟಿ ಬಳಸುವವರಿಗೆ ಓದುವ ಮುನ್ನವೇ ಬೇಕಾದ ಅಳತೆಯನ್ನು ಹೇಳುವ ವ್ಯವಸ್ಥೆಯಿದೆ. ಡಬ್ಲ್ಯುಪಿಎಫ್‌ನಲ್ಲಿ (ವಿಂಡೋಸ್‌ನ ಅಂಥದೇ ಸಾಧನ) ಅಗಲವನ್ನು ಮೊದಲೇ ನಿಗದಿಪಡಿಸುವ ಗುಣವಿದೆ. ಎಷ್ಟೋ ಸಂದರ್ಭಗಳಲ್ಲಿ ಬರೆದವರು ಸೇರಿಸಬೇಕಾದದ್ದು ಕೆಲವೇ ಸಾಲುಗಳು.

ಇದರ ಜೊತೆಗೆ ಕೇಳಬಹುದಾದ ಇನ್ನೊಂದು, ಆಪರೇಟಿಂಗ್ ವ್ಯವಸ್ಥೆಯೇ ಮಾಡಿಟ್ಟಿರುವ ಪುಟ್ಟ ಪ್ರತಿಗಳಾದ ಥಂಬ್‌ನೇಲ್‌ಗಳನ್ನು ಬಳಸುವುದು. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಅನುಸರಿಸುವ ಫ್ರೀಡೆಸ್ಕ್‌ಟಾಪ್ ನಿಯಮದಂತೆ 128, 256, 512 ಮತ್ತು 1024 ಪಿಕ್ಸೆಲ್‌ಗಳ ಮಿತಿಯಲ್ಲಿ ಅವುಗಳನ್ನು ಇಡಲಾಗುತ್ತದೆ. ಚಿಕ್ಕ ಚೌಕಟ್ಟಿಗೆ 512ರದ್ದು ಸಾಕು.

ಕ್ಯಾಮೆರಾ ಹಿಡಿದ ದಿಕ್ಕಿಗೆ ತಕ್ಕಂತೆ ಫೋಟೋವನ್ನು ನೇರವಾಗಿ ನಿಲ್ಲಿಸಬೇಕೆಂಬ ಕೋರಿಕೆ ಬಹಳ ಸಾಮಾನ್ಯ. ಕ್ಯಾಮೆರಾ ಫೋಟೋ ಕಡತದೊಳಗೇ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿ 1ರಿಂದ 8ರವರೆಗಿನ ಒಂದು ಅಂಕಿ ಆ ದಿಕ್ಕನ್ನು ಹೇಳುತ್ತದೆ. ಕುಗ್ಗಿಸಿದ ಮೇಲೆ ತಿರುಗಿಸಿದರೆ ಇದಕ್ಕೆ ಹೆಚ್ಚುಕಡಿಮೆ ಖರ್ಚೇ ಇಲ್ಲ. ತಿರುಗಿಸಿದ ಮೇಲೆ ಕುಗ್ಗಿಸಿದರೆ ಇನ್ನೊಂದು 46 ಎಂಬಿ ಬೇಕು. ಕೋರಿಕೆಯಲ್ಲಿ ಈ ಕ್ರಮವನ್ನೂ ಒಂದು ಸಾಲಿನಲ್ಲಿ ಸೂಚಿಸುವುದು ಉಪಯುಕ್ತ.

ಒಮ್ಮೆ ತೋರಿಸಿದ ಫೋಟೋ ಮತ್ತೆ ಬರುವ ಮೊದಲು ಉಳಿದೆಲ್ಲವೂ ಬರಬೇಕು, ಉಪಫೋಲ್ಡರ್‌ಗಳಿಂದಲೂ ಆರಿಸಬೇಕು ಎಂಬ ಕೋರಿಕೆಗಳು ಭಾರವೆಂದು ಅನ್ನಿಸಿದರೂ ಹಗುರವಾದವು. 50,000 ಫೋಟೋಗಳ ಹೆಸರು ಮತ್ತು ಹಾದಿಯನ್ನು, ತಲಾ 100 ಅಕ್ಷರಗಳಿಗೆ 200 ಬೈಟ್‌ನಂತೆ ನೆನಪಿಟ್ಟುಕೊಂಡರೂ 10 ಎಂಬಿ ಮುಟ್ಟುವುದಿಲ್ಲ. ತೆಗೆದ ದಿನಾಂಕದ ಕ್ರಮದಲ್ಲಿ ತೋರಿಸಬೇಕೆಂದರೆ ಮಾತ್ರ ಪ್ರತಿಯೊಂದು ಕಡತವನ್ನೂ ತೆರೆದು ನೋಡಬೇಕು; ಅಲ್ಲಿ ಖರ್ಚಾಗುವುದು ಡಿಸ್ಕಿನ ಸಮಯ, ಮೆಮೊರಿಯಲ್ಲ.

ಚಿತ್ರ ನಿಧಾನವಾಗಿ ಸರಿಯುತ್ತ ಹಿಗ್ಗುವ, ಕೆನ್ ಬರ್ನ್ಸ್ ಪರಿಣಾಮವೆಂದು ಹೆಸರಾದ ಚಲನೆಗೆ ಒಂದೂವರೆ ಪಟ್ಟು ಅಳತೆಯ ಚಿತ್ರ ಬೇಕಾಗುತ್ತದೆ, ಅಂದರೆ 2.25 ಪಟ್ಟು ಪಿಕ್ಸೆಲ್‌ಗಳು. 400 × 300 ಚೌಕಟ್ಟಿಗೆ ಅದು ಸುಮಾರು 1 ಎಂಬಿ ಮಾತ್ರ. ಆದರೆ ಚೌಕಟ್ಟನ್ನು ಬಿಡುವಿಲ್ಲದೆ ಮತ್ತೆ ಮತ್ತೆ ಬರೆಯಬೇಕಾಗುವುದರಿಂದ ಪ್ರೊಸೆಸರ್‌ಗೂ ಲ್ಯಾಪ್‌ಟಾಪ್‌ನ ಬ್ಯಾಟರಿಗೂ ನಿರಂತರವಾದ ಹೊರೆ ಬೀಳುತ್ತದೆ. ದಿನವಿಡೀ ಓಡುವ ತಂತ್ರಾಂಶದಲ್ಲಿ ಇದನ್ನು ಕೇಳುವುದಿದ್ದರೆ, ನಿಲ್ಲಿಸಿಡುವ ಆಯ್ಕೆಯೊಂದಿಗೇ ಕೇಳಬೇಕು.

ಜಿಫ್ ಅನಿಮೇಷನ್‌ಗಳನ್ನು ತೋರಿಸುವ ಸೌಲಭ್ಯ ಮೇಲ್ನೋಟಕ್ಕೆ ಚಿಕ್ಕದು. 500 × 375 ಅಳತೆಯ 100 ಫ್ರೇಮ್‌ಗಳನ್ನು ಬಿಚ್ಚಿ ಇಟ್ಟುಕೊಂಡರೆ 70 ಎಂಬಿಗೂ ಹೆಚ್ಚು ಹೋಗುತ್ತದೆ. ಒಂದೊಂದೇ ಫ್ರೇಮ್ ಬಿಚ್ಚುತ್ತ ಹೋಗಬಹುದು, ಆದರೆ ಆ ಕೆಲಸ ಸುಲಭವಲ್ಲ. ಇದನ್ನು ಪುಟ್ಟ ತಂತ್ರಾಂಶದಿಂದ ನಿರೀಕ್ಷಿಸದಿರುವುದು ಒಳ್ಳೆಯದು.

ಹಂತ 7: ದೋಷ ವರದಿಯನ್ನೂ ಕೋರಿಕೆಯನ್ನೂ ಬೇರೆಯಾಗಿ ಬರೆಯಿರಿ

ಒಂದು ಪತ್ರದಲ್ಲಿ ಒಂದೇ ವಿಷಯವಿರಲಿ. ಸೋರಿಕೆಯ ವರದಿ, ದಿಕ್ಕಿನ ಕೋರಿಕೆ, ಹೊಸ ಚೌಕಟ್ಟಿನ ವಿನ್ಯಾಸ, ಮೂರನ್ನೂ ಒಟ್ಟಿಗೆ ಬರೆದರೆ ಸುಲಭವಾದದ್ದು ಮುಗಿದ ದಿನವೇ ಪತ್ರವೂ ಮುಗಿದಂತಾಗುತ್ತದೆ. ಬರೆಯುವ ಮೊದಲು ಅದೇ ಕೋರಿಕೆ ಈಗಾಗಲೇ ಬಂದಿದೆಯೇ ಎಂದು ಹುಡುಕಿ ನೋಡಿ. ಬಂದಿದ್ದರೆ ನಿಮ್ಮ ಅಳತೆಗಳನ್ನು ಅಲ್ಲಿಯೇ ಸೇರಿಸಿ.

ಪರಿಹಾರವನ್ನಲ್ಲ, ಮೊದಲು ತೊಂದರೆಯನ್ನು ಹೇಳಿ. ಕ್ಯಾಶೆಯನ್ನು ತೆಗೆದುಹಾಕಿ ಎನ್ನುವುದಕ್ಕಿಂತ, ನಾಲ್ಕು ಚೌಕಟ್ಟು ಇಟ್ಟಾಗ ಬಳಕೆ ಇಷ್ಟಾಗುತ್ತದೆ, ಅದು ನನ್ನ ಯಂತ್ರಕ್ಕೆ ಹೆಚ್ಚು ಎನ್ನುವುದು ಬರೆದವರಿಗೆ ಹೆಚ್ಚು ದಾರಿಗಳನ್ನು ತೆರೆಯುತ್ತದೆ. ಒಂದು ಮಾದರಿಯನ್ನು ಪೂರ್ತಿಯಾಗಿ ಕೊಡುತ್ತೇನೆ. ಇದರಲ್ಲಿರುವ ಅಂಕಿಗಳು ಉದಾಹರಣೆಗಾಗಿ ಮಾತ್ರ.

“ವಿಷಯ: ದೊಡ್ಡ ಜೆಪೆಗ್‌ಗಳನ್ನು ಚೌಕಟ್ಟಿನ ಅಳತೆಗೆ ಕುಗ್ಗಿಸಿಕೊಂಡು ಓದುವ ಬಗ್ಗೆ.

ನಮಸ್ಕಾರ. ನಿಮ್ಮ ತಂತ್ರಾಂಶದ 2.3 ಆವೃತ್ತಿಯನ್ನು (64 ಬಿಟ್) 8 ಜಿಬಿ ರ‍್ಯಾಮ್ ಇರುವ ವಿಂಡೋಸ್ 11 ಯಂತ್ರದಲ್ಲಿ ಬಳಸುತ್ತಿದ್ದೇನೆ. ಪರದೆಯ ಸ್ಕೇಲಿಂಗ್ 100 ಶೇಕಡ. 400 × 300 ಅಳತೆಯ ನಾಲ್ಕು ಚೌಕಟ್ಟುಗಳಿವೆ. ಖಾಲಿ ಫೋಲ್ಡರ್ ಕೊಟ್ಟಾಗ ಕಮಿಟ್ ಸೈಜ್ 38 ಎಂಬಿ. ನಾಲ್ಕರಲ್ಲಿಯೂ 4000 × 3000 ಜೆಪೆಗ್ ಇದ್ದಾಗ 224 ಎಂಬಿ. ಅದೇ ಫೋಟೋಗಳನ್ನು 800 × 600ಕ್ಕೆ ಕುಗ್ಗಿಸಿ ಕೊಟ್ಟಾಗ 46 ಎಂಬಿ. ಹತ್ತು ಸುತ್ತುಗಳ ನಂತರವೂ ಅಂಕಿ ಏರಲಿಲ್ಲ, ಆದ್ದರಿಂದ ಇದು ಸೋರಿಕೆಯಲ್ಲ ಎಂದುಕೊಂಡಿದ್ದೇನೆ. ಮೂಲ ಫೋಟೋ ಮೆಮೊರಿಯಲ್ಲಿ ಇಡಿಯಾಗಿ ಉಳಿಯುತ್ತಿರುವಂತೆ ತೋರುತ್ತದೆ. ಓದುವಾಗಲೇ ಕುಗ್ಗಿಸಿಕೊಳ್ಳಲು ಸಾಧ್ಯವೇ? ಕ್ಲಿಕ್ ಮಾಡಿದಾಗ ದೊಡ್ಡದಾಗಿ ನೋಡುವ ಸೌಲಭ್ಯಕ್ಕಾಗಿ ಮೂಲವನ್ನು ಇಟ್ಟುಕೊಂಡಿದ್ದರೆ, ಕ್ಲಿಕ್ ಮಾಡಿದ ಕ್ಷಣದಲ್ಲಿ ಅದನ್ನು ಮತ್ತೆ ಓದಿದರೂ ನನಗೆ ಅಭ್ಯಂತರವಿಲ್ಲ. ಅರ್ಧ ಸೆಕೆಂಡ್ ಕಾಯುವುದು ಹೊರೆಯಲ್ಲ. ಪರೀಕ್ಷೆಯ ಆವೃತ್ತಿ ಕೊಟ್ಟರೆ ಇದೇ ಕ್ರಮದಲ್ಲಿ ಅಳೆದು ತಿಳಿಸುತ್ತೇನೆ.”

ಈ ಪತ್ರದ ಕೊನೆಯ ಭಾಗವನ್ನು ವಿಶೇಷವಾಗಿ ಗಮನಿಸಿ. ಮೆಮೊರಿಯನ್ನು ಉಳಿಸಲು ವೇಗದಲ್ಲಿ ಎಷ್ಟನ್ನು ಬಿಟ್ಟುಕೊಡಲು ಸಿದ್ಧರಿದ್ದೀರಿ ಎಂಬುದನ್ನು ನೀವೇ ಹೇಳಿದ್ದೀರಿ. ತಂತ್ರಾಂಶ ಬರೆಯುವವರು ಬಳಕೆದಾರರಿಂದ ತಿಳಿಯಬೇಕೆಂದು ಬಯಸುವುದು ಇದನ್ನೇ, ಸಿಗುವುದು ತೀರ ಅಪರೂಪ. ಬಿಡುವಿನ ವೇಳೆಯಲ್ಲಿ ದುಡಿದು ಉಚಿತವಾಗಿ ಕೊಡುತ್ತಿರುವವರ ಬಳಿ ಹಕ್ಕಿನ ಧ್ವನಿಯಲ್ಲಿ ಮಾತಾಡುವುದು ತರವಲ್ಲ. ಉತ್ತರ ಬರಲು ಕೆಲವು ವಾರಗಳಾದರೂ ಕಾಯುವ ಮನಸ್ಸಿರಬೇಕು.

ಹಂತ 8: ಹೊಸ ಆವೃತ್ತಿಯನ್ನು ಹಳೆಯ ಅಳತೆಯಿಂದಲೇ ಪರೀಕ್ಷಿಸಿ

ಪರೀಕ್ಷೆಗೆ ಬಳಸಿದ ಫೋಲ್ಡರ್‌ಗಳನ್ನೂ ಹಳೆಯ ಆವೃತ್ತಿಯ ಇನ್‌ಸ್ಟಾಲರ್ ಅನ್ನೂ ಅಳಿಸಬೇಡಿ. ಹೊಸ ಆವೃತ್ತಿ ಬಂದಾಗ ಅದೇ ಫೋಟೋಗಳು, ಅದೇ ಸಂಖ್ಯೆಯ ಚೌಕಟ್ಟುಗಳು, ಅದೇ ಅಂತರವನ್ನಿಟ್ಟು ಮೂರನೆಯ ಹಂತದ ನಾಲ್ಕೂ ಅಳತೆಗಳನ್ನು ಮತ್ತೆ ಮಾಡಿ. ಸ್ಥಿರವಾದ ಮಟ್ಟ ಇಳಿದಿದ್ದರೂ ಅತಿ ಎತ್ತರದ ಮಟ್ಟ ಇಳಿದಿಲ್ಲವಾದರೆ, ಇನ್ನೂ ಇಡಿಯಾಗಿ ಬಿಚ್ಚಿದ ಮೇಲೆ ಕುಗ್ಗಿಸಲಾಗುತ್ತಿದೆ ಎಂದು ತಿಳಿಸಿ. ಚಿತ್ರದ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣತೊಡಗಿದ್ದರೆ ಅದನ್ನೂ ಪರದೆಯ ಚಿತ್ರದೊಂದಿಗೆ ತಿಳಿಸಿ. ಎಂಟನೆಯ ಒಂದಕ್ಕೆ ಇಳಿಸಿದ ಚಿತ್ರ ಚೌಕಟ್ಟಿಗಿಂತ ಚಿಕ್ಕದಾಗಿಬಿಟ್ಟು, ಅದನ್ನು ಮತ್ತೆ ಹಿಗ್ಗಿಸುತ್ತಿರುವ ಸಾಧ್ಯತೆಯಿರುತ್ತದೆ. 2000 × 1500 ಅಳತೆಯ ಫೋಟೋ ಒಂದನ್ನು ಪರೀಕ್ಷೆಯ ಫೋಲ್ಡರ್‌ಗೆ ಸೇರಿಸಿದರೆ ಈ ದೋಷ ಕೂಡಲೇ ಹೊರಬೀಳುತ್ತದೆ: ಎಂಟನೆಯ ಒಂದಕ್ಕೆ ಅದು 250 × 188 ಆಗಿ 400 × 300 ಚೌಕಟ್ಟಿಗೆ ಸಾಲದು, ಕಾಲು ಭಾಗಕ್ಕೆ ಇಳಿಸಿದರೆ 500 × 375 ಆಗಿ ಸರಿಹೊಂದುತ್ತದೆ. ಹಳೆಯ ಮತ್ತು ಹೊಸ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು, ಎರಡೂ ಆವೃತ್ತಿಗಳ ಸಂಖ್ಯೆಯೊಂದಿಗೆ ಅದೇ ಪತ್ರಕ್ಕೆ ಉತ್ತರವಾಗಿ ಕಳಿಸಿ.